ದೃಗ್ಭ್ರಮೆಯ ಅಳತೆಯೂ ಅದರ ಅನಿಶ್ಚಿತತೆಯೂ

ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಮ್ಯೂಲರ್-ಲೈಯರ್ ದೃಗ್ಭ್ರಮೆ ಸುಪರಿಚಿತ. ತುದಿಯ ಗರಿಗಳು ಹೊರಚಾಚಿದ ಗೆರೆ, ಅವು ಒಳಮಡಿದ ಗೆರೆಗಿಂತ ಉದ್ದವಾಗಿ ತೋರುತ್ತದೆ. ಅಳೆದರೆ ಎರಡೂ ಸಮ. 1889ರಲ್ಲಿ ಪ್ರಕಟವಾದ ಈ ಆಕೃತಿಯಿಂದ ರಿವರ್ಸ್ ನೀಲಗಿರಿಯ ತೋಡರನ್ನು ಪರೀಕ್ಷಿಸಿ, ಅವರಲ್ಲಿ ಭ್ರಮೆಯು ಇಂಗ್ಲಿಷರಿಗಿಂತ ಕಡಿಮೆಯೆಂದು 1905ರಲ್ಲಿ ವರದಿ ಮಾಡಿದರು. ಮೂಲೆಗಳುಳ್ಳ ಮನೆಗಳ ನಡುವೆ ಬೆಳೆದವರು ಈ ಭ್ರಮೆಗೆ ಹೆಚ್ಚು ಒಳಗಾಗುವರೆಂಬ ವಿವರಣೆಯನ್ನು ಸೀಗಲ್, ಕ್ಯಾಂಪ್‌ಬೆಲ್, ಹರ್ಸ್ಕೋವಿಟ್ಸ್ ಎಂಬ ಮೂವರು 1966ರ ಗ್ರಂಥದಲ್ಲಿ ಮುಂದಿಟ್ಟರು.

ಈ ವಾದ ಆಕರ್ಷಕವಾದುದು. ಆದುದರಿಂದಲೇ ಅದನ್ನು ನಮ್ಮ ಸೀಮೆಗೆ ಅನ್ವಯಿಸುವಾಗ ಎಚ್ಚರ ಅವಶ್ಯಕ. ವಿಜಯಪುರ ನಗರದ ಹತ್ತು ವಿದ್ಯಾರ್ಥಿಗಳಿಗೂ ತಿಕೋಟಾದ ಹತ್ತು ವಿದ್ಯಾರ್ಥಿಗಳಿಗೂ ತಲಾ ಇಪ್ಪತ್ತು ಸಲ ಆಕೃತಿಯನ್ನು ತೋರಿಸಿದೆವೆಂದು ಭಾವಿಸೋಣ. ನಗರದವರ ಸರಾಸರಿ ತಪ್ಪು 3 ಮಿಲಿಮೀಟರ್ ಹೆಚ್ಚಾಗಿರಲಿ. ಮಾನಕ ವಿಚಲನೆಯು ವ್ಯಕ್ತಿ ವ್ಯಕ್ತಿಗಳ ನಡುವೆ 6, ಒಬ್ಬನದೇ ಸಲ ಸಲದ ನಡುವೆ 4 ಮಿಲಿಮೀಟರ್ ಇರಲಿ. ಗುಂಪಿಗೆ ಇನ್ನೂರರಂತೆ ಎಲ್ಲ ಅಳತೆಗಳನ್ನೂ ಸ್ವತಂತ್ರವೆಂದು ಎಣಿಸಿದರೆ ವ್ಯತ್ಯಾಸದ ಮಾನಕ ದೋಷ ಕೇವಲ 0.72, 3 ಮಿಲಿಮೀಟರ್ ನಿಸ್ಸಂದೇಹವಾಗಿ ತೋರುತ್ತದೆ. ಆದರೆ ಒಬ್ಬನ ಇಪ್ಪತ್ತು ಉತ್ತರಗಳು ಇಪ್ಪತ್ತು ಜನರ ಉತ್ತರಗಳಾಗವು. ಪ್ರತಿಯೊಬ್ಬನಿಗೂ ಒಂದೇ ಸರಾಸರಿ ತೆಗೆದು ಜನರನ್ನು ಎಣಿಸಿದರೆ ಮಾನಕ ದೋಷ 2.71ಕ್ಕೆ ಏರುತ್ತದೆ. ಆಗ ಶೇಕಡಾ 95ರ ವಿಶ್ವಾಸದ ಎಲ್ಲೆ −2.7ರಿಂದ 8.7ರವರೆಗೆ ಹರಡುತ್ತದೆ. ವ್ಯತ್ಯಾಸವು ತಿಕೋಟಾದವರ ಕಡೆಗೇ ವಾಲಿರಲೂಬಹುದು!

ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರವಾದುದು. ತಿಕೋಟಾದ ವಿದ್ಯಾರ್ಥಿಗಳು ಎಷ್ಟೇ ಮಂದಿಯಾದರೂ ತಿಕೋಟಾ ಒಂದೇ ಊರು. ಬಬಲೇಶ್ವರವನ್ನು ಸೇರಿಸಿದರೂ ಊರುಗಳು ಎರಡೇ. ಇವುಗಳಿಂದ 'ಹಳ್ಳಿಗರ ದೃಷ್ಟಿ'ಯನ್ನು ನಿರ್ಣಯಿಸುವುದು ಸಾಧುವಲ್ಲ. ಮೇಲಾಗಿ ಈ ಸೀಮೆಯ ಹಳ್ಳಿಗಳ ಮಾಳಿಗೆಮನೆಗಳಿಗೂ ಮೂಲೆಗಳುಂಟು. ಗೋಳಗುಮ್ಮಟದ ದುಂಡು ಇರುವುದು ನಗರದಲ್ಲಿ! ನಗರ-ಹಳ್ಳಿಯೆಂಬ ವಿಭಾಗವೇ ಆ ಮೂವರ ವಾದಕ್ಕೆ ಇಲ್ಲಿ ತಕ್ಕ ಪರೀಕ್ಷೆಯಲ್ಲ.

ಇನ್ನು, ಸರಿಸುವ ಗೆರೆಯನ್ನು ಸದಾ ಉದ್ದದಿಂದಲೇ ಮೊದಲುಮಾಡಿದರೆ ಉಂಟಾಗುವ ವಾಲಿಕೆಯನ್ನು ಎಷ್ಟು ಸಲ ಅಳೆದರೂ ತೊಡೆಯಲಾಗದು. ಅರ್ಧ ಸಲ ಗಿಡ್ಡದಿಂದ ಮೊದಲುಮಾಡುವುದೇ ಅದಕ್ಕೆ ಪರಿಹಾರ.

ಆದಕಾರಣ ಪ್ರಯೋಗದ ವರದಿಯಲ್ಲಿ ಪ್ರತಿಯೊಬ್ಬ ವೀಕ್ಷಕನ ಸರಾಸರಿ, ಜನರ ಸಂಖ್ಯೆ, ಊರುಗಳ ಸಂಖ್ಯೆ, ವಿಶ್ವಾಸದ ಎಲ್ಲೆ ಇವಿಷ್ಟೂ ಇರತಕ್ಕದ್ದು. ಒಂದು ಜನಸಮುದಾಯವು ಲೋಕವನ್ನು ಬೇರೆಯಾಗಿ ಕಾಣುತ್ತದೆ ಎಂಬುದು ಸಣ್ಣ ಮಾತಲ್ಲ. ಎಲ್ಲೆಯನ್ನು ಹೇಳದ ಸರಾಸರಿಯ ಆಧಾರದ ಮೇಲೆ ಅದನ್ನು ಆಡಲಾಗದು.