ಕಲ್ಲಿದ್ದಲಿಲ್ಲದ ನೆಲದಲ್ಲಿ ಕಲ್ಲಿದ್ದಲಿನ ಪಾಠ

ಪಳೆಯುಳಿಕೆ ಇಂಧನಗಳ ಪಾಠವನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡುವ ಪದ್ಧತಿ ನಾನು ವಿದ್ಯಾರ್ಥಿಯಾಗಿದ್ದ ಕಾಲದಿಂದ ಇಂದಿನವರೆಗೆ ಹೆಚ್ಚು ಬದಲಾದಂತೆ ತೋರುವುದಿಲ್ಲ. ಉತ್ಪತ್ತಿ, ವಿಧಗಳು, ಉಪಯೋಗಗಳು ಎಂಬ ಮೂರು ತಲೆಬರಹಗಳು. ಒಂದೊಂದರ ಅಡಿಯಲ್ಲಿ ನಾಲ್ಕಾರು ವಾಕ್ಯಗಳು. ಪರೀಕ್ಷೆಯ ಹಿಂದಿನ ರಾತ್ರಿ ಕಂಠಪಾಠ. ಲಕ್ಷಾಂತರ ವರ್ಷಗಳ ಹಿಂದೆ ಸಸ್ಯಗಳೂ ಪ್ರಾಣಿಗಳೂ ಭೂಮಿಯಲ್ಲಿ ಹೂತುಹೋಗಿ ಶಾಖ ಮತ್ತು ಒತ್ತಡಗಳಿಂದ ಇಂಧನವಾದುವೆಂದು ಬರೆದು ನಾನೂ ಪೂರ್ಣಾಂಕಗಳನ್ನು ಪಡೆದವನೇ. ಆ ಉತ್ತರ ತಪ್ಪಾಗಿದ್ದಿತೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಲಕ್ಷವೆಲ್ಲಿ, ಕೋಟಿಯೆಲ್ಲಿ! ನೂರು ಪಟ್ಟಿನ ಈ ವ್ಯತ್ಯಾಸವನ್ನು ಬೇರಾವ ಲೆಕ್ಕದಲ್ಲಿಯೂ ಯಾವ ಗುರುವೂ ಮನ್ನಿಸಲಾರನು. ಇಲ್ಲಿ ಮಾತ್ರ ಅದು ಅಲಂಕಾರವೆಂಬಂತೆ ನಡೆದುಹೋಗುತ್ತದೆ.

ಈ ಪಾಠವನ್ನು ಓದುತ್ತಿದ್ದ ದಿನಗಳಲ್ಲಿಯೇ, ರಾಣೆಬೆನ್ನೂರಿಗೂ ಬ್ಯಾಡಗಿಗೂ ನಡುವೆ ದೇವರಗುಡ್ಡದ ಹೆಸರನ್ನು ಹೊತ್ತ ಪುಟ್ಟ ರೈಲು ನಿಲ್ದಾಣದ ಬಳಿ, ಉಗಿಬಂಡಿಯ ಎಂಜಿನ್ನಿನಿಂದ ಉದುರಿದ ಕಲ್ಲಿದ್ದಲಿನ ತುಣುಕೊಂದನ್ನು ನಾನು ಹೆಕ್ಕಿ ತಂದಿದ್ದೆನು. ಅಂಗೈಯಗಲದ ಆ ಕರಿಯ ಚೂರಿನಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ಪಟ್ಟೆ, ಅದರ ಕೆಳಗೆ ಮಸಿಯಂತೆ ಮಂಕಾದ ಮತ್ತೊಂದು, ಮತ್ತೆ ಹೊಳೆಯುವ ಎಳೆ, ಹೀಗೆ ಪದರದ ಮೇಲೆ ಪದರ ಕೂಡಿದ್ದುವು. "ಒಲಿಗೆ ಕಲ್ಲು ಹಾಕ್ತಾರೇನೋ?" ಎಂದು ಅವ್ವ ಬೈದರೂ ಅದನ್ನು ಕೆಂಡದ ನಡುವೆ ಇಟ್ಟಳು. ಮೊದಲು ಡಾಂಬರಿನ ವಾಸನೆಯ ಹಳದಿ ಹೊಗೆ, ಅನಂತರ ಕಟ್ಟಿಗೆಗೆ ಎಂದೂ ಬಾರದ ಬಿಗಿಯಾದ ಕೆಂಪು. ಬೆಳಿಗ್ಗೆ ನೋಡಿದರೆ ಒಲೆಯಲ್ಲಿ ಬೂದುಗೆಂಪಿನ ಗಟ್ಟಿ ಬೂದಿ ಒಂದು ಹಿಡಿ ಉಳಿದಿತ್ತು. "ಇದರಾಗ ಮಣ್ಣs ಭಾಳ ಐತಿ" ಎಂದಳು. ಭಾರತದ ಕಲ್ಲಿದ್ದಲಿನ ಮುಖ್ಯ ಲಕ್ಷಣವನ್ನು ಆಕೆ ಒಂದು ಮಾತಿನಲ್ಲಿ ಹೇಳಿದ್ದಳು. ನಮ್ಮ ವಿದ್ಯುತ್ ಸ್ಥಾವರಗಳು ಉರಿಸುವ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಬೂದಿಯಿರುವುದುಂಟು. ಪುರಾತನ ಜೌಗಿನಲ್ಲಿ ಎಲೆತೊಗಟೆಗಳು ಕೊಳೆಯುತ್ತಿದ್ದಾಗ ಹೊಳೆಗಳು ತಂದು ಬೆರೆಸಿದ ಮಣ್ಣು ಅದು. ಪಾಠದಲ್ಲಿ ಈ ಮಣ್ಣಿನ ಮಾತೇ ಇರಲಿಲ್ಲ.

ಉತ್ಪತ್ತಿಯ ಭಾಗದ ದೋಷ ಸಂಖ್ಯೆಯದು ಮಾತ್ರವಲ್ಲ. ಸಸ್ಯಗಳನ್ನೂ ಪ್ರಾಣಿಗಳನ್ನೂ ಒಂದೇ ಗುಂಡಿಯಲ್ಲಿ ಹೂಳಿ, ಅದರಿಂದಲೇ ಕಲ್ಲಿದ್ದಲನ್ನೂ ಪೆಟ್ರೋಲಿಯಮನ್ನೂ ಹೊರತೆಗೆಯುವ ಆ ವಿವರಣೆ ಎರಡಕ್ಕೂ ಅನ್ಯಾಯವೆಸಗುತ್ತದೆ. ಕಲ್ಲಿದ್ದಲು ನೆಲದ ಗಿಡಮರಗಳ ಸಂತತಿ: ಗಾಳಿಯಾಡದ ಜೌಗಿನಲ್ಲಿ ಅರೆಕೊಳೆತ ಸಸ್ಯರಾಶಿ ಮೊದಲು ಪೀಟ್ ಆಗಿ, ಮೇಲೆ ಬಿದ್ದ ಮರಳು ಕೆಸರುಗಳ ಭಾರದಿಂದ ನೀರನ್ನೂ ಅನಿಲಗಳನ್ನೂ ಕಳೆದುಕೊಳ್ಳುತ್ತ ಲಿಗ್ನೈಟ್, ಬಿಟುಮಿನಸ್, ಆಂತ್ರಸೈಟ್ ಎಂಬ ಮೆಟ್ಟಿಲುಗಳನ್ನು ಏರಿದುದು. ಪೆಟ್ರೋಲಿಯಮ್ಮಿನ ವಂಶವೇ ಬೇರೆ. ಕಡಲ ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಸತ್ತು ತಳದ ಕೆಸರಿಗಿಳಿದು, ಕೆರೋಜನ್ ಎಂಬ ಮೇಣದಂಥ ಪದಾರ್ಥವಾಗಿ, ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಹುದೀರ್ಘಕಾಲ ಬೆಂದು ಎಣ್ಣೆಯಾಗುತ್ತವೆ. ಶಾಖ ಇನ್ನೂ ಏರಿದರೆ ಅನಿಲ. ಎಣ್ಣೆಯೆಂಬುದು ಭಾರೀ ಪ್ರಾಣಿಗಳ ಕೊಬ್ಬು ಕರಗಿ ಬಂದುದೆಂದು ಇಂದಿಗೂ ನಂಬಿರುವ ಪದವೀಧರರನ್ನು ನಾನು ಕಂಡಿದ್ದೇನೆ.

ವಿಧಗಳ ಭಾಗ ಸಂಕ್ಷೇಪವಾಗಿದ್ದರೂ ಕ್ರಮಬದ್ಧವಾಗಿದೆ. ನನ್ನ ಆಕ್ಷೇಪಣೆ ಅಲ್ಲಿನ ಮಾತುಗಳದು. ನಾನು ಓದುತ್ತಿದ್ದ ಕಾಲದಲ್ಲಿ ಹಾವೇರಿ ಸೀಮೆಯ ಹುಡುಗನಿಗೆ ಚಿಮಣಿ ಎಣ್ಣಿ ಗೊತ್ತಿತ್ತು. ಅದರ ವಾಸನೆ, ಬುಡ್ಡಿಯ ಮಸಿ, ಪಡಿತರ ಅಂಗಡಿಯ ಮುಂದಿನ ಡಬ್ಬಿಗಳ ಸಾಲು, ಎಲ್ಲವೂ ಗೊತ್ತಿತ್ತು. ಗ್ರಂಥದ 'ಸೀಮೆಎಣ್ಣೆ'ಯೂ 'ಪೆಟ್ರೋಲಿಯಂ ಉತ್ಪನ್ನ'ವೂ ಅದೇ ಎಂದು ಯಾರಾದರೂ ಹೇಳದ ಹೊರತು ಆತನ ಮನೆಯ ಬೆಳಕಿಗೂ ಆತನ ಪಾಠಕ್ಕೂ ಸಂಬಂಧವೇ ಏರ್ಪಡುತ್ತಿರಲಿಲ್ಲ.

ಉಪಯೋಗಗಳ ಪಟ್ಟಿಯಂತೂ ಅತ್ಯಂತ ದುರ್ಬಲವಾದ ಭಾಗ. ಕಲ್ಲಿದ್ದಲು ಉಕ್ಕಿನ ತಯಾರಿಕೆಗೆ ಎಂದಿರುತ್ತದೆ. ಅದಿಲ್ಲದ ನಾಡು ಉಕ್ಕಿಗೆ ಕೈಯಿಕ್ಕಿದಾಗ ಏನಾಯಿತೆಂಬ ನಮ್ಮದೇ ಕಥೆಯಿರುವುದಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಆರಂಭವಾದಾಗ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ವಿಶ್ವೇಶ್ವರಯ್ಯನವರ ಸಂಕಲ್ಪವಿತ್ತು. ಮೈಸೂರು ಸೀಮೆಯಲ್ಲೆಲ್ಲ ಹುಡುಕಿದರೂ ಕಲ್ಲಿದ್ದಲು ಮಾತ್ರ ಇರಲಿಲ್ಲ. ಆದುದರಿಂದ ಮಲೆನಾಡಿನ ಮರಗಳನ್ನು ಕಡಿದು, ಬಟ್ಟಿಯಲ್ಲಿ ಸುಟ್ಟು, ಆ ಇದ್ದಲಿನಿಂದಲೇ ಕುಲುಮೆಯನ್ನು ಹೊತ್ತಿಸಬೇಕಾಯಿತು. ಭೂಗರ್ಭದ ಅರಣ್ಯವಿಲ್ಲದಿದ್ದುದಕ್ಕೆ ಭೂಮಿಯ ಮೇಲಿನ ಅರಣ್ಯ ಬೆಲೆ ತೆತ್ತಿತು. ಪಳೆಯುಳಿಕೆ ಇಂಧನ ಎಂದರೇನೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಉದಾಹರಣೆಯನ್ನು ನಾನರಿಯೆ.

ಇಂದಿಗೂ ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. 1985ರಲ್ಲಿ ಮೊದಲ ಘಟಕವನ್ನು ಚಾಲನೆಗೊಳಿಸಿದ ರಾಯಚೂರಿನ ಶಕ್ತಿನಗರದ ಸ್ಥಾವರಕ್ಕೆ ಗೋದಾವರಿ ಕಣಿವೆಯ ಸಿಂಗರೇಣಿಯಿಂದಲೂ ದೂರದ ಒಡಿಶಾದಿಂದಲೂ ಗಾಡಿಗಾಡಿಯಾಗಿ ಅದು ಬರಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಅರ್ಧ ಕಿಲೋ ಮೀರಿ, ಮುಕ್ಕಾಲು ಕಿಲೋದ ಸಮೀಪದಷ್ಟು ಕಲ್ಲಿದ್ದಲು ಬೇಕಾಗುತ್ತದೆ. ಬ್ಯಾಡಗಿಯ ಶೀತಲಗೃಹಗಳಲ್ಲಿ ಮೆಣಸಿನಕಾಯಿಯ ಕೆಂಪು ಮಾಸದೆ ತಿಂಗಳುಗಟ್ಟಲೆ ಉಳಿಯುವುದರಲ್ಲಿ ಈ ಕರಿಯ ಕಲ್ಲಿನ ಪಾಲೂ ಇದೆ. ಆ ಬೆಳೆಗೆ ಹಾಕಿದ ಯೂರಿಯಾದ ಮೂಲವಾದ ಅಮೋನಿಯಾಕ್ಕೆ ಬೇಕಾದ ಹೈಡ್ರೋಜನ್ ಬಹುಪಾಲು ನೈಸರ್ಗಿಕ ಅನಿಲದಿಂದ ಬಂದುದು. ಚೀಲ ಹೊತ್ತ ಟ್ರ್ಯಾಕ್ಟರು ಡೀಸೆಲ್ಲಿನದು. ಅದು ಓಡುವ ರಸ್ತೆಯ ಡಾಂಬರು ಪೆಟ್ರೋಲಿಯಮ್ಮಿನ ತಳದ ಗಷ್ಟು. ಇವುಗಳಲ್ಲಿ ಒಂದನ್ನಾದರೂ ಉದಾಹರಿಸದೆ, ಎಲ್ಲಿಯದೋ ಹಡಗು ವಿಮಾನಗಳ ಚಿತ್ರವನ್ನು ಅಚ್ಚುಹಾಕಿ ಉಪಯೋಗಗಳೆಂದು ಕರೆಯುವುದು ಯಾವ ವಿದ್ಯಾಭ್ಯಾಸ?

ಆದರೆ ಈ ಪದ್ಧತಿಯ ಮೂಲದೋಷವೆಂದು ನಾನೆಣಿಸುವುದು ಬೇರೆ. ಕಾಲದ ಅನುಭವವನ್ನು ಅದು ಕೊಡುವುದಿಲ್ಲ. ಕಾಲವನ್ನು ಕಾಣಿಸಲು ಬೇಕಾದ ಕಲ್ಲು ಕಾಲಡಿಯಲ್ಲಿಯೇ ಇದ್ದರೂ ಅದನ್ನು ತೋರಿಸುವುದಿಲ್ಲ. ಭೂವಿಜ್ಞಾನಿ ಬ್ರೂಸ್ ಫುಟ್ ಮಹಾಶಯನು 1880ರ ದಶಕದಲ್ಲಿ 'ಧಾರವಾಡ' ಎಂದು ಹೆಸರಿಟ್ಟ ಶಿಲಾವರ್ಗಕ್ಕೆ ಈ ಸೀಮೆ ಸೇರಿದುದು. ಅದರಲ್ಲೊಂದು ಸ್ತರಕ್ಕೆ ಭೂವಿಜ್ಞಾನಿಗಳು ರಾಣೆಬೆನ್ನೂರಿನ ಹೆಸರನ್ನೇ ಕೊಟ್ಟಿದ್ದಾರೆ. ಅದು ನೀರಿನ ತಳದಲ್ಲಿ ಕೆಸರೂ ಮರಳೂ ಕೂಡಿ ಗಟ್ಟಿಯಾದ ಕಲ್ಲು, ವಯಸ್ಸು 250 ಕೋಟಿ ವರ್ಷಗಳಿಗೂ ಮಿಕ್ಕಿದ್ದು. ಕೆಸರಿತ್ತು, ನೀರಿತ್ತು, ಮೇಲೆ ಒತ್ತುವ ಭಾರವಿತ್ತು, ಶಾಖವೂ ಇತ್ತು. ಹೂತುಹೋಗಲು ಒಂದು ಎಲೆಯೂ ಆಗ ಲೋಕದಲ್ಲಿರಲಿಲ್ಲ. ಕಲ್ಲಿದ್ದಲು ನಮ್ಮಲ್ಲಿ ಏಕಿಲ್ಲವೆಂಬ ಪ್ರಶ್ನೆಗೆ ಇದೇ ಉತ್ತರ; ಇದೊಂದು ಉತ್ತರ ಮನಸ್ಸಿಗೆ ಹತ್ತಿದರೆ ಉತ್ಪತ್ತಿಯ ಪಾಠವೆಲ್ಲ ತಾನಾಗಿ ಹತ್ತುತ್ತದೆ.

ಮಹಾನವಮಿಯ ಕಾರಣಿಕಕ್ಕೆ, ಎಂದರೆ ದೇವರ ಭವಿಷ್ಯವಾಣಿಗೆ, ನೆರೆದ ಜನ ದೇವರಗುಡ್ಡದಲ್ಲಿ 'ಏಳುಕೋಟಿ' ಎಂದು ಘೋಷಿಸುವುದನ್ನು ಕೇಳಿದವರಿಗೆ ಆ ಸಂಖ್ಯೆ ಲೆಕ್ಕದ್ದಲ್ಲ, ಭಕ್ತಿಯದು. ಆ ವಾಣಿಯನ್ನು ನುಡಿಯುವ, ಕಂಬಳಿಯನ್ನು ಹೊದ್ದ ಗೊರವಯ್ಯ ಬಿಲ್ಲನ್ನೇರುವ ಮುನ್ನ ಅಷ್ಟು ಜನಸ್ತೋಮವೂ ಒಮ್ಮೆಲೇ ಮೌನವಾಗುವುದನ್ನು ಕಂಡ ನನಗೆ, ಈ ಸೀಮೆಯ ಮಕ್ಕಳ ಕಿವಿಗೆ ಹುಟ್ಟಿನಿಂದ ಬಿದ್ದಿರುವ ಮಹಾಸಂಖ್ಯೆ ಇದೊಂದೇ ಎನಿಸಿತು. ಅದನ್ನು ಕಾಲದ ಅಳತೆಗೋಲಾಗಿ ಏಕೆ ಹಿಡಿಯಬಾರದು? ಒಬ್ಬ ಶಿಕ್ಷಕ ಮಿತ್ರರ ಸಮ್ಮತಿಯಿಂದ, ಗುಡ್ಡದ ದೇವರಾದ ಮಾಲತೇಶನ ಸನ್ನಿಧಿಗೆ ಕೈಮುಗಿದು, ಎಂಟನೆಯ ತರಗತಿಯ ಮಕ್ಕಳೊಡನೆ ಗುಡ್ಡದ ಬುಡದ ಬಯಲಿನಲ್ಲಿ ನಾನು ಹೀಗೆ ನಡೆದೆನು: ಒಂದು ಹೆಜ್ಜೆಗೆ ಏಳು ಕೋಟಿ ವರ್ಷ, ನಾವು ನಿಂತಲ್ಲಿಂದ ಹಿಂದಕ್ಕೆ. ಮೊದಲ ಹೆಜ್ಜೆ ಮುಗಿಯುವುದರೊಳಗೆ ಬೆಳಗಾವಿ ವಿಜಯಪುರಗಳ ಕರಿಗಲ್ಲು ಲಾವಾರಸವಾಗಿ ಹರಿಯುತ್ತಿತ್ತು, ಡೈನೋಸಾರುಗಳು ಅಳಿಯುತ್ತಿದ್ದುವು. ನಾಲ್ಕನೆಯ ಹೆಜ್ಜೆಯಲ್ಲಿ ಭಾರತ, ಆಫ್ರಿಕ, ಆಸ್ಟ್ರೇಲಿಯ, ಅಂಟಾರ್ಕ್ಟಿಕಗಳು ಗೊಂಡ್ವಾನವೆಂಬ ಒಂದೇ ಭೂಖಂಡವಾಗಿದ್ದು, ನಾಲಗೆಯಾಕಾರದ ಎಲೆಯ ಗ್ಲಾಸಾಪ್ಟೆರಿಸ್ ಮರಗಳ ಕಾಡು ಜೌಗಿಗೆ ಉದುರುತ್ತಿತ್ತು; ಸಿಂಗರೇಣಿಯ ಕಲ್ಲಿದ್ದಲೂ, ಅವ್ವ ಒಲೆಗಿಟ್ಟ ಆ ಚೂರೂ ಅಲ್ಲಿಯವು. ಏಳನೆಯ ಹೆಜ್ಜೆಯ ಹೊತ್ತಿಗೆ ಮೊದಲ ಪುಟ್ಟ ಸಸ್ಯಗಳು ನೀರಿನಿಂದ ನೆಲಕ್ಕೆ ಬರುತ್ತಿದ್ದುವು.

ಅಲ್ಲಿಂದ ಮುಂದೆ ತೋರಿಸಲು ನನ್ನಲ್ಲಿ ಹಸಿರಿರಲಿಲ್ಲ. ಎಂಟು, ಒಂಬತ್ತು, ಹತ್ತು ಎಂದು ಮಕ್ಕಳು ಎಣಿಸುತ್ತ ನಡೆದರು. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಮೂವತ್ತಾರನೆಯ ಹೆಜ್ಜೆಗೆ ನಿಲ್ಲಿಸಿದೆನು. ರಾಣೆಬೆನ್ನೂರಿನ ಕಲ್ಲು ಕೆಸರಾಗಿದ್ದ ಕಾಲ ಅದು. ತಿರುಗಿ ನೋಡಿದಾಗ ನಾಲ್ಕನೆಯ ಹೆಜ್ಜೆಯ ಗುರುತಿಗೆ ಇಟ್ಟಿದ್ದ ಕಲ್ಲು, ಹೊರಟ ಗೆರೆಯ ಪಕ್ಕದಲ್ಲಿಯೇ ಇದ್ದಂತೆ ಕಂಡಿತು. ರಾಣಿಗಂಜಿನಲ್ಲಿ 1774ರಲ್ಲಿ ನಮ್ಮ ದೇಶದ ಮೊದಲ ಕಲ್ಲಿದ್ದಲು ಗಣಿ ತೆರೆದಂದಿನಿಂದ ಇಂದಿನವರೆಗೆ ಉರಿಸಿದ ಕಾಲವೆಲ್ಲ ಈ ಅಳತೆಯಲ್ಲಿ ಎಷ್ಟಾಗುವುದೆಂದು ಶಿಕ್ಷಕರು ಕೇಳಿದರು. ಮಕ್ಕಳು ನೆಲದ ಮೇಲೆ ಕಡ್ಡಿಯಿಂದ ಲೆಕ್ಕಮಾಡಿ, ಕೂದಲೆಳೆಯ ದಪ್ಪವೂ ಬರುವುದಿಲ್ಲವೆಂದು ಕಂಡು ಲೆಕ್ಕ ತಪ್ಪಿತೆಂದು ಅಳಿಸಿ ಮತ್ತೆ ಮಾಡಿದರು. ಮತ್ತೆಯೂ ಅಷ್ಟೇ ಬಂದಿತು.

ಮೂವತ್ತಾರನೆಯ ಹೆಜ್ಜೆಯಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಕಾಲ ಬಳಿಯ ಕಲ್ಲನ್ನೆತ್ತಿ, ಅದರ ಅಂಚನ್ನು ಬೆರಳಿನಿಂದ ಸವರುತ್ತ ಕೇಳಿದಳು: "ಹಂಗಾರ ಈ ಕಲ್ಲಿಗೆ ಗಿಡ ಅಂದ್ರ ಏನಂತ ಗೊತ್ತs ಇದ್ದಿಲ್ಲೇನ್ರಿ?"