ನಿಲ್ಲುವ ಪೌಚ್: ಅರ್ಧ ಗೆದ್ದ ವಿನ್ಯಾಸ

ಬಾಟಲಿ ನಿಲ್ಲುವುದು ತನ್ನ ಗೋಡೆಯ ಬಿಗಿತದಿಂದ. ಡಬ್ಬವೂ ಹಾಗೆಯೇ. ಒಳಗೆ ಏನಿದ್ದರೂ, ಏನೂ ಇಲ್ಲದಿದ್ದರೂ ಅವು ನೆಟ್ಟಗಿರುತ್ತವೆ. ಹ್ಯಾಂಡ್‌ವಾಶ್, ಪಾತ್ರೆ ತೊಳೆಯುವ ಲಿಕ್ವಿಡ್, ಕೆಚಪ್, ಅಡುಗೆ ಎಣ್ಣೆ, ಹಣ್ಣಿನ ರಸ ತುಂಬಿಕೊಂಡು ಅಂಗಡಿಯ ಸಾಲಿನಲ್ಲಿ ನಿಂತಿರುವ ಸ್ಟ್ಯಾಂಡಿ ಪೌಚ್‌ಗೆ ಅಂಥ ಗೋಡೆ ಇಲ್ಲ. ಕೂದಲಿನ ಎರಡು ಎಳೆಯಷ್ಟೂ ದಪ್ಪವಿಲ್ಲದ ಹಾಳೆ ಅದು. ಅದನ್ನು ನಿಲ್ಲಿಸುವುದು ಒಳಗಿನ ದ್ರವದ ಭಾರ. ಸಾಮಾನ್ಯವಾಗಿ ಪಾತ್ರೆಯನ್ನು ಒಡೆಯಲು ನೋಡುವ ಭಾರವನ್ನೇ ಪಾತ್ರೆಗೆ ಆಧಾರ ಮಾಡಿಕೊಂಡದ್ದು ಕಳೆದ ಶತಮಾನದ ಪ್ಯಾಕೇಜಿಂಗ್ ವಿನ್ಯಾಸದ ಬಲು ಜಾಣತನದ ಕೆಲಸಗಳಲ್ಲೊಂದು ಎಂದು ನಾನು ಭಾವಿಸುತ್ತೇನೆ. ಆದರೆ ಈ ಜಾಣತನ ಅಂಗಡಿಯ ಕಟ್ಟೆಯವರೆಗೆ ಮಾತ್ರ ಬಂದು ನಿಂತಿದೆ. ಅಲ್ಲಿಂದ ಮುಂದೆ ಅದು ಮನೆಯಲ್ಲಿ ಹೇಗೆ ಖಾಲಿಯಾಗುತ್ತದೆ, ಖಾಲಿಯಾದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಈ ವಿನ್ಯಾಸದ ಬೆಲೆ ಕಟ್ಟಲು ಸಾಧ್ಯ.

ಮೆತ್ತನೆಯ ಚೀಲದಲ್ಲಿ ದ್ರವ ತುಂಬುವುದು ಹೊಸದೇನಲ್ಲ. ಚರ್ಮದ ಪಖಾಲಿಯಲ್ಲಿ ನೀರು ಸಾಗಿಸಿದ ಕಾಲವಿತ್ತು. ಆದರೆ ಅಂಥ ಚೀಲಗಳನ್ನು ಹೆಗಲಿಗೋ ಎತ್ತಿನ ಬೆನ್ನಿಗೋ ಹೇರಬೇಕಿತ್ತು, ಇಲ್ಲವೇ ತೂಗುಹಾಕಬೇಕಿತ್ತು. ಚೀಲವನ್ನು ತನ್ನಷ್ಟಕ್ಕೆ ನಿಲ್ಲಿಸಿದವನು ಫ್ರಾನ್ಸಿನ ಲಿಯೋನ್ ನಗರದ ತಿಮೊನಿಯೆ ಕಂಪನಿಯ ಲೂಯಿ ದ್ವಾಯೆನ್. ವರ್ಷ 1962. ಅವನ ಮನೆತನದ ಹೆಸರಿನ ಮೊದಲ ಭಾಗ ಸೇರಿಸಿಕೊಂಡೇ ಈ ಪೌಚ್ ಇಂದಿಗೂ ಡಾಯ್‌ಪ್ಯಾಕ್ ಎನಿಸಿಕೊಂಡಿದೆ. ಕಂಪನಿಯ ಹೆಸರಿನ ಹಿಂದೆ ಇರುವುದು 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ ಬಾರ್ತೆಲೆಮಿ ತಿಮೊನಿಯೆ. ಬಟ್ಟೆ ಹೊಲಿಯುವ ಯಂತ್ರಗಳಿಂದ ಪ್ಲಾಸ್ಟಿಕ್ ಬೆಸೆಯುವ ಯಂತ್ರಗಳಿಗೆ ಬಂದ ಸಂಸ್ಥೆಯಲ್ಲಿ ಇಂಥ ಚೀಲ ಹುಟ್ಟಿದ್ದು ಸಹಜವಾಗಿಯೇ ಇದೆ. ಎರಡೂ ಕಡೆ ಕಸುಬು ಒಂದೇ: ಚಪ್ಪಟೆ ಹಾಳೆಯನ್ನು ಎಲ್ಲಿ ಮಡಿಸಿ ಎಲ್ಲಿ ಸೇರಿಸಿದರೆ ಅದಕ್ಕೆ ಆಕಾರ ಬರುತ್ತದೆ ಎಂಬ ತಿಳಿವಳಿಕೆ. 1969ರಲ್ಲಿ ಜರ್ಮನಿಯಲ್ಲಿ ಕಾಪ್ರಿ-ಸೋನೆ ಎಂಬ ಹಣ್ಣಿನ ಪಾನೀಯ ಇದೇ ಮಾದರಿಯ ಬೆಳ್ಳಿ ಬಣ್ಣದ ಪುಟ್ಟ ಪೌಚ್‌ನಲ್ಲಿ ಬಂತು. ನಂತರ ಅದು ಕಾಪ್ರಿ-ಸನ್ ಎಂಬ ಹೆಸರಿನಲ್ಲಿ ಹಲವು ದೇಶಗಳ ಮಕ್ಕಳ ಕೈ ಸೇರಿತು.

ಇಡೀ ವಿನ್ಯಾಸದ ಮರ್ಮ ತಳದಲ್ಲಿದೆ. ಮುಂದಿನ ಹಾಳೆ, ಹಿಂದಿನ ಹಾಳೆ, ಇವೆರಡರ ನಡುವೆ ಕೆಳಗಿನಿಂದ ಒಳಕ್ಕೆ ಮಡಿಸಿ ಸೇರಿಸಿದ ಮೂರನೆಯ ಪಟ್ಟಿ. ಈ ತಳಮಡಿಕೆಯನ್ನು ಕಾರ್ಖಾನೆಯವರು ಗಸೆಟ್ ಎನ್ನುತ್ತಾರೆ. ದ್ರವ ತುಂಬುತ್ತಿದ್ದಂತೆ ಮಡಿಕೆ ಬಿಚ್ಚಿಕೊಂಡು ಅಂಡಾಕಾರದ ನೆಲೆಯಾಗುತ್ತದೆ. 20 ಸೆಂಟಿಮೀಟರ್ ಎತ್ತರದ ನೀರು ತಳದ ಪ್ರತಿ ಚದರ ಸೆಂಟಿಮೀಟರಿನ ಮೇಲೆ 20 ಗ್ರಾಂನಷ್ಟು ಭಾರ ಹಾಕುತ್ತದೆ. ಮಡಿಕೆಯನ್ನು ತೆರೆದು ಹಿಡಿಯಲು ಅಷ್ಟೇ ಸಾಕು. ತಳದ ಬೆಸುಗೆಯನ್ನು ನೇರ ಗೆರೆಯಲ್ಲಿ ಹಾಕದೆ ಕಮಾನಿನಂತೆ ಬಾಗಿಸಿ ಹಾಕುವುದರಿಂದ ಭಾರ ಒಂದೇ ಮೂಲೆಗೆ ಬೀಳದೆ ಬದಿಗಳಿಗೆ ಹರಿದು ಹಂಚಿಹೋಗುತ್ತದೆ. ಬೆಸುಗೆಯ ಕೆಳಗೆ ಉಳಿಯುವ ಗಟ್ಟಿ ಅಂಚು ಪೌಚ್‌ನ ಪಾದ.

ಬರಿಗಣ್ಣಿಗೆ ತಕ್ಷಣ ಕಾಣದ ಇನ್ನೊಂದು ಚಿಕ್ಕ ವಿವರವಿದೆ. ತಳದ ಎರಡೂ ಮೂಲೆಗಳಲ್ಲಿ ಗಸೆಟ್ ಪಟ್ಟಿಗೆ ಮೊದಲೇ ತೂತು ಹೊಡೆದಿರುತ್ತಾರೆ. ಗಸೆಟ್ಟನ್ನು ಮಡಿಸಿದಾಗ ಅದರ ಹೊರಮೈ ಹೊರಮೈಗೇ ತಾಗುತ್ತದೆ, ಆ ಮೈ ಬಿಸಿಗೆ ಅಂಟುವಂಥದ್ದಲ್ಲ. ತೂತಿದ್ದರೆ ಮುಂದಿನ ಹಾಳೆಯ ಒಳಮೈ ಹಿಂದಿನ ಹಾಳೆಯ ಒಳಮೈಯನ್ನು ಆ ತೂತಿನ ಮೂಲಕವೇ ಮುಟ್ಟಿ ಬೆಸೆದುಕೊಳ್ಳುತ್ತದೆ. ಪಾದ ಎರಡಾಗಿ ಸೀಳಿಕೊಳ್ಳದೆ ಕೂಡಿಕೊಂಡಿರುವುದು ಇದರಿಂದ. ಹೆಚ್ಚುವರಿ ವಸ್ತು ಸೇರಿಸದೆ, ಇದ್ದದ್ದರಲ್ಲೇ ಒಂದಿಷ್ಟು ತೆಗೆದು ಬಲ ತಂದುಕೊಂಡ ಈ ಪರಿಹಾರ ನನಗೆ ತುಂಬ ಮೆಚ್ಚಿಗೆ.

ಹಾಳೆಯೂ ಒಂದೇ ವಸ್ತುವಿನದಲ್ಲ. ಹೊರಗೆ ಸುಮಾರು 12 ಮೈಕ್ರಾನ್‌ನ ಪಾಲಿಯೆಸ್ಟರ್. ಮುದ್ರಣ ಅದರ ಒಳಮೈಗೆ ಆಗಿರುವುದರಿಂದ ಉಜ್ಜಿದರೂ ಬಣ್ಣ ಅಳಿಯುವುದಿಲ್ಲ. ನಡುವೆ ಚುಚ್ಚಿದರೆ ಹರಿಯದಂತೆ 15 ಮೈಕ್ರಾನ್‌ನ ನೈಲಾನ್, ಅಥವಾ ಗಾಳಿ ಬೆಳಕು ತಡೆಯಲು ಅಲ್ಯೂಮಿನಿಯಂ ತಗಡಿನ ಪದರ. ಒಳಗೆ 100 ಮೈಕ್ರಾನ್ ಆಸುಪಾಸಿನ ಪಾಲಿಎಥಿಲೀನ್. ಇವುಗಳ ಕೂಟದಲ್ಲಿ ಒಂದು ವ್ಯತ್ಯಾಸವೇ ಎಲ್ಲವನ್ನೂ ನಡೆಸುತ್ತದೆ. ಒಳಗಿನ ಪಾಲಿಎಥಿಲೀನ್ ನೂರಹತ್ತು, ನೂರಿಪ್ಪತ್ತು ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಿ ಅಂಟಿಕೊಳ್ಳುತ್ತದೆ. ಹೊರಗಿನ ಪಾಲಿಯೆಸ್ಟರ್ 250 ಡಿಗ್ರಿಯವರೆಗೂ ಕರಗುವುದಿಲ್ಲ. ಹಾಗಾಗಿ ಯಂತ್ರದ ಬಿಸಿ ದವಡೆ ಹೊರಗಿನಿಂದ ಒತ್ತಿದಾಗ ಒಳಗೆ ಬೆಸುಗೆ ಬೀಳುತ್ತದೆ, ಹೊರಮೈ ದವಡೆಗೆ ಅಂಟುವುದಿಲ್ಲ. ಯಂತ್ರ ನಿಮಿಷಕ್ಕೆ ಹತ್ತಾರು ಪೌಚ್ ಹೊರಹಾಕುವುದು ಈ ಅಂತರದ ಬಲದಿಂದ. ಇದೇ ಅಂತರ ಕೊನೆಗೆ ಪೌಚ್‌ನ ದೊಡ್ಡ ದೋಷವಾಗುವುದನ್ನು ಮುಂದೆ ನೋಡೋಣ.

ವಿನ್ಯಾಸಕಾರನಿಗೆ ನಿಜವಾದ ಪರೀಕ್ಷೆ ಇರುವುದು ಗಸೆಟ್ಟಿನ ಅಳತೆಯಲ್ಲಿ. ಅದು ಕಿರಿದಾದರೆ ಪೌಚ್ ಮುಂದಕ್ಕೋ ಹಿಂದಕ್ಕೋ ಬೀಳುತ್ತದೆ. ಅಗಲವಾದರೆ ದ್ರವವೆಲ್ಲ ತಳಕ್ಕಿಳಿದು ಮೇಲ್ಭಾಗ ಟೊಳ್ಳಾಗಿ ಸೊಟ್ಟಗಾಗುತ್ತದೆ, ಮುಖದ ಮೇಲಿನ ಅಕ್ಷರಗಳು ಸುಕ್ಕುಗಟ್ಟುತ್ತವೆ. ಸೋರಿಕೆಗೆ ಹೆಚ್ಚು ಅವಕಾಶವಿರುವ ಜಾಗವೂ ಇಲ್ಲೇ ಇದೆ. ಬದಿಯ ಬೆಸುಗೆಯಲ್ಲಿ ಕೆಳಗೆ ನಾಲ್ಕು ಹಾಳೆಗಳಿರುತ್ತವೆ, ಗಸೆಟ್ ಮುಗಿದ ಮೇಲೆ ಎರಡೇ. ನಾಲ್ಕು ಎರಡಾಗುವ ಆ ಬಿಂದುವಿನಲ್ಲಿ ದವಡೆಯ ಒತ್ತಡ ಸಮನಾಗಿ ಬೀಳದಿದ್ದರೆ ಸೂಜಿಮೊನೆಯಷ್ಟು ಕಾಲುವೆ ಉಳಿದುಬಿಡುತ್ತದೆ. ಒಳ್ಳೆಯ ತಯಾರಕರು ಬಿಸಿ, ಒತ್ತಡ, ಸಮಯ ಮೂರನ್ನೂ ಕಾಯುತ್ತಾರೆ, ಪೌಚನ್ನು ಎತ್ತರದಿಂದ ಬೀಳಿಸಿ, ನಿರ್ವಾತದಲ್ಲಿಟ್ಟು ನೋಡುತ್ತಾರೆ.

ಇಲ್ಲಿಯವರೆಗಿನ ಲೆಕ್ಕದಲ್ಲಿ ಪೌಚ್ ಗೆದ್ದಿದೆ. ಒಂದು ಲೀಟರ್ ಪೌಚ್‌ನ ಹಾಳೆ ಬಿಚ್ಚಿ ಹರಡಿದರೆ ಒಂದು ಚದರ ಮೀಟರಿನ ಎಂಟನೇ ಒಂದು ಭಾಗದಷ್ಟಾಗುತ್ತದೆ, ತೂಕ 16ರಿಂದ 18 ಗ್ರಾಂ. ಅದೇ ಅಳತೆಯ ಗಟ್ಟಿ ಬಾಟಲಿ ಇದರ ಎರಡು, ಮೂರು ಪಟ್ಟು ತೂಗುತ್ತದೆ. ಖಾಲಿ ಬಾಟಲಿಗಳ ಲಾರಿ ಗಾಳಿಯನ್ನೇ ಸಾಗಿಸುತ್ತದೆ, ಪೌಚ್‌ನ ಹಾಳೆ ರೋಲಿನಲ್ಲಿ ಸುತ್ತಿ ಬರುತ್ತದೆ. ಗಾಜಿನಂತೆ ಒಡೆಯುವ ಭಯವೂ ಇಲ್ಲ.

ಆದರೆ ಪೌಚನ್ನು ತೆರೆದ ಮೇಲೆ ಏನಾಗುತ್ತದೆ? ದ್ರವವೇ ಆಧಾರವಾದದ್ದರಿಂದ ದ್ರವ ಇಳಿದಂತೆ ಆಧಾರವೂ ಇಳಿಯುತ್ತದೆ. ಮುಕ್ಕಾಲು ಖಾಲಿಯಾದ ಪೌಚ್ ಕುಸಿದು ವಾಲುತ್ತದೆ. ದಿನಕ್ಕೆ ಒಂದಿಷ್ಟು ಬಳಸುವ ಎಣ್ಣೆ, ಕೆಚಪ್ ಮುಂತಾದವಕ್ಕೆ ಇದು ತೀರ ಅನನುಕೂಲ. ಸುರಿಯಲು ಒಂದು ಕೈ ಸಾಲದು, ಎರಡು ಕೈಯಲ್ಲಿ ಹಿಡಿದರೆ ಒತ್ತಡಕ್ಕೆ ದ್ರವ ಚಿಮ್ಮುತ್ತದೆ. ಹರಿಯಲೆಂದು ಅಂಚಿನಲ್ಲಿ ಕೊಟ್ಟ ಗೀರು ಒದ್ದೆ ಕೈಗೆ, ಬೆರಳಿನ ಕಸುವು ಕಡಿಮೆಯಾದ ವಯಸ್ಸಾದವರಿಗೆ ಒಲಿಯುವುದಿಲ್ಲ. ಮಂದ ದ್ರವ ತಳಮಡಿಕೆಯ ಸಂದುಗಳಲ್ಲಿ ಉಳಿದೇಹೋಗುತ್ತದೆ, ನಿಲ್ಲಿಸಿದ ಗಸೆಟ್ಟೇ ಕೊನೆಯ ಚಮಚವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂತಿ, ತಿರುಪು ಮುಚ್ಚಳ ಕೂರಿಸಿದರೆ ಈ ತೊಂದರೆಗಳಲ್ಲಿ ಕೆಲವು ತಗ್ಗುತ್ತವೆ. ಮೂತಿಯನ್ನು ನಡುವೆ ಇಡುವುದಕ್ಕಿಂತ ಮೂಲೆಯಲ್ಲಿಟ್ಟರೆ ಸುರಿಯುವುದು ಇನ್ನೂ ಸಲೀಸು. ಆದರೆ ಗಟ್ಟಿ ಮೂತಿ ಸೇರಿದ ಕೂಡಲೇ ತೂಕದ ಉಳಿತಾಯ ಕರಗತೊಡಗುತ್ತದೆ.

ನಮ್ಮ ಹಾಲಿನ ಪ್ಯಾಕೆಟ್ಟಿನ ಜೊತೆ ಇಟ್ಟು ನೋಡಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ: ಪೌಚ್ ನಿಲ್ಲಲೇಬೇಕೇ? ಕರ್ನಾಟಕದ ಮನೆಗಳಿಗೆ ಬೆಳಗಿನ ಹೊತ್ತು ಬರುವ ನಂದಿನಿ ಹಾಲಿನ ಕವರ್ ದಿಂಬಿನಾಕಾರದ್ದು, ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಅದು ಕ್ರೇಟಿನಲ್ಲಿ ಮಲಗಿ ಬರುತ್ತದೆ, ಮನೆಯಲ್ಲಿ ಹಾಲು ಒಂದೇ ಸಲಕ್ಕೆ ಪಾತ್ರೆಗೆ ಇಳಿದು ಒಲೆಯ ಮೇಲೆ ಏರುತ್ತದೆ. ಪಾಲಿಎಥಿಲೀನ್ ಬಿಟ್ಟರೆ ಬೇರೆ ವಸ್ತು ಆ ಕವರಿನಲ್ಲಿಲ್ಲ. ತೊಳೆದು ಒಣಗಿಸಿಟ್ಟರೆ ಗುಜರಿಯವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಕತ್ತರಿಸಿದ ಪುಟ್ಟ ಮೂಲೆ ಚರಂಡಿ ಸೇರುವುದೊಂದು ಅದರ ಕುಂದು. ಮೂಲೆಯನ್ನು ಪೂರ್ತಿ ಬೇರ್ಪಡಿಸದೆ ಕತ್ತರಿಸಿದರೆ ಆ ಕುಂದೂ ಇಲ್ಲ. ನಿಲ್ಲುವ ಗುಣ ಅಂಗಡಿಯ ಶೆಲ್ಫಿಗೆ ಬೇಕಾದದ್ದು. ಗಿರಾಕಿಯ ಕಣ್ಣಿಗೆ ಮುಖ ಕೊಟ್ಟು ನಿಲ್ಲುವ ಅಗತ್ಯವಿಲ್ಲದ ದ್ರವಕ್ಕೆ ಗಸೆಟ್ಟಿನ ಅಗತ್ಯವೂ ಇಲ್ಲ.

ಬೆಂಗಳೂರಿನ ಹೆಕ್ಟರ್ ಬೆವರೇಜಸ್ ಕಂಪನಿಯ ಪೇಪರ್ ಬೋಟ್ 2013ರಲ್ಲಿ ಮಾರುಕಟ್ಟೆಗೆ ಬಂದಾಗ ಮೆತ್ತನೆಯ ಪೌಚ್ ನಮ್ಮ ನಗರಗಳಲ್ಲಿ ಹೊಸ ಗೌರವ ಪಡೆಯಿತು. ಆಮ್ ಪನ್ನಾ, ಜಲ್‌ಜೀರಾ ಮೊದಲಾದ ಮನೆಯ ಪಾನೀಯಗಳು ಹೊಳಪಿಲ್ಲದ ಬಣ್ಣದ, ಮೂತಿ ಮುಚ್ಚಳವಿರುವ ಪೌಚ್‌ನಲ್ಲಿ ಬಂದವು. ದೃಶ್ಯ ವಿನ್ಯಾಸವಾಗಿ ಅದು ನಿಜಕ್ಕೂ ಸೊಗಸಾದ ಕೆಲಸ: ಕೈಗೆ ಮೆತ್ತಗೆ ಸಿಗುವ ಆಕಾರ, ಅರಚದ ಬಣ್ಣ, ಸ್ಟ್ರಾ ಬೇಡದ ಮೂತಿ. ಸ್ಟ್ರಾ ಚುಚ್ಚಿ ಕುಡಿಯುವ ಪೌಚ್‌ಗಳಿಗಿಂತ ಇದು ಮೇಲು. ಯುರೋಪಿಯನ್ ಒಕ್ಕೂಟ 2021ರ ಜುಲೈಯಲ್ಲಿ, ಭಾರತ 2022ರ ಜುಲೈಯಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧಿಸಿದಾಗ ಸ್ಟ್ರಾವನ್ನೇ ನಂಬಿದ ವಿನ್ಯಾಸಗಳ ದೌರ್ಬಲ್ಯ ಬಯಲಾಯಿತು. ಆದರೂ ಒಬ್ಬರ ಒಂದು ಹೊತ್ತಿನ ಪಾನೀಯವೆಂಬ ಮಾದರಿಯಲ್ಲೇ ತೊಡಕಿದೆ. ಅಳತೆ ಕುಗ್ಗಿದಂತೆ ದ್ರವಕ್ಕೆ ಹೋಲಿಸಿದರೆ ಹಾಳೆಯ ಪಾಲು ಏರುತ್ತದೆ. ಒಂದೇ ಆಕಾರದಲ್ಲಿ ಮಾಡಿದರೆ ಒಂದು ಲೀಟರಿನ ಒಂದು ಪೌಚ್‌ಗೆ ಬೇಕಾದುದಕ್ಕಿಂತ 200 ಮಿಲಿಲೀಟರಿನ ಐದು ಪೌಚ್‌ಗಳಿಗೆ ಸುಮಾರು 1.7 ಪಟ್ಟು ಹಾಳೆ ಬೇಕು. ಹತ್ತು ನಿಮಿಷದಲ್ಲಿ ಮುಗಿಯುವ ಕುಡಿಯುವಿಕೆಗೆ ಇದು ಹೆಚ್ಚಾಯಿತು.

ಈಗ ಕಸದ ಬುಟ್ಟಿಯ ಮಾತು. ಬಿಸಿಗೆ ಬೇರೆ ಬೇರೆ ರೀತಿ ಸ್ಪಂದಿಸುವ ಪದರಗಳು ಬೆಸುಗೆಗೆ ವರವಾಗಿದ್ದವು. ಮರುಬಳಕೆಗೆ ಅವೇ ಶಾಪ. ಪಾಲಿಯೆಸ್ಟರ್, ನೈಲಾನ್, ಪಾಲಿಎಥಿಲೀನ್, ಅಲ್ಯೂಮಿನಿಯಂ ಅಂಟಿನಿಂದ ಒಂದಾಗಿರುವಾಗ ಅವನ್ನು ಬಿಡಿಸುವುದು ದುಬಾರಿ, ಒಟ್ಟಿಗೆ ಕರಗಿಸಿದರೆ ಬರುವುದು ಕಳಪೆ ಮುದ್ದೆ. ಹಾಗಾಗಿ ಚಿಂದಿ ಆಯುವವರು ಬಾಟಲಿ ಎತ್ತಿಕೊಂಡು ಪೌಚನ್ನು ಅಲ್ಲೇ ಬಿಡುತ್ತಾರೆ. ಒಣ ತ್ಯಾಜ್ಯ ಕೇಂದ್ರ ತಲುಪಿದರೂ ಅದರ ಮುಂದಿನ ದಾರಿ ಹೆಚ್ಚಾಗಿ ಸಿಮೆಂಟ್ ಕಾರ್ಖಾನೆಯ ಕುಲುಮೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ಹಂತಹಂತವಾಗಿ ಕೈಬಿಡಬೇಕು ಎಂದಿದ್ದವು. 2018ರ ತಿದ್ದುಪಡಿ ಅದನ್ನು ಸಡಿಲಿಸಿತು: ಸುಟ್ಟು ಶಕ್ತಿ ಪಡೆಯಲು ಬರುವಂಥದ್ದಾದರೆ, ಬೇರೆ ಉಪಯೋಗವಿದ್ದರೆ ಬಹುಪದರ ಉಳಿಯಬಹುದೆಂದಾಯಿತು. ಸುಡಲು ಬರದ ಪ್ಲಾಸ್ಟಿಕ್ ಯಾವುದಿದೆ? ಆ ಒಂದು ಸಡಿಲಿಕೆ ವಿನ್ಯಾಸ ಬದಲಿಸುವ ಒತ್ತಾಯವನ್ನೇ ತೆಗೆದುಹಾಕಿತು. 2022ರ ಉತ್ಪಾದಕ ಹೊಣೆಗಾರಿಕೆಯ ಮಾರ್ಗಸೂಚಿ ಪ್ಲಾಸ್ಟಿಕ್ ಮಾತ್ರ ಇರುವ ಮೆತ್ತನೆಯ ಪ್ಯಾಕೇಜಿಂಗನ್ನು ಒಂದು ವರ್ಗದಲ್ಲಿ, ಪ್ಲಾಸ್ಟಿಕ್ ಅಲ್ಲದ ಪದರವೂ ಸೇರಿರುವುದನ್ನು ಇನ್ನೊಂದು ವರ್ಗದಲ್ಲಿ ಇಟ್ಟಿತು. ಭೇದವನ್ನು ಗುರುತಿಸಿದ್ದು ಸರಿಯಾದ ಹೆಜ್ಜೆಯೇ.

ತಾಂತ್ರಿಕ ದಾರಿ ಮುಚ್ಚಿಲ್ಲ. ಹೊರಗೂ ಒಳಗೂ ಪಾಲಿಎಥಿಲೀನ್ ಕುಟುಂಬದ್ದೇ ಹಾಳೆ ಬಳಸಿದ ಪೌಚ್‌ಗಳು ಈಗ ಬರುತ್ತಿವೆ. ಹೊರಪದರವನ್ನು ಎಳೆದು ಹಿಗ್ಗಿಸಿ ಬಿಗಿತ ತರುತ್ತಾರೆ, ಗಾಳಿ ತಡೆಯಲು ಇವಿಒಎಚ್ ಎಂಬ ಪ್ಲಾಸ್ಟಿಕ್ಕಿನ ಅತಿ ತೆಳುವಾದ ಪದರ ಸೇರಿಸುತ್ತಾರೆ. ಕಷ್ಟವಿರುವುದು ಬೆಸುಗೆಯಲ್ಲಿ. ಹೊರಪದರವೂ ಒಳಪದರವೂ ಹತ್ತಿರದ ಬಿಸಿಯಲ್ಲೇ ಕರಗುವುದರಿಂದ ಯಂತ್ರಕ್ಕೆ ಸಿಗುವ ಅವಕಾಶ ಕಿರಿದು. ಬಿಸಿ ಸ್ವಲ್ಪ ಏರಿದರೆ ಹೊರಮೈ ದವಡೆಗೆ ಹತ್ತುತ್ತದೆ, ಇಳಿದರೆ ಸೀಲ್ ನಿಲ್ಲುವುದಿಲ್ಲ. ವೇಗ ಕಡಿಮೆ ಮಾಡಿ, ಖರ್ಚು ಒಂದಿಷ್ಟು ಹೆಚ್ಚು ಒಪ್ಪಿಕೊಂಡರೆ ಇದು ಆಗುವ ಕೆಲಸ. ಆದರೆ ವರ್ಷಗಟ್ಟಲೆ ಕೆಡದೆ ಇರಬೇಕಾದ, ಗಾಳಿ ಬೆಳಕಿಗೆ ಬೇಗ ಹಾಳಾಗುವ ಆಹಾರಕ್ಕೆ ಅಲ್ಯೂಮಿನಿಯಂ ಪದರದ ರಕ್ಷಣೆಯನ್ನು ಇದು ಪೂರ್ತಿ ತುಂಬಿಕೊಡಲಾರದು. ಅಂಥ ಕಡೆ ಬಹುಪದರಕ್ಕೆ ನ್ಯಾಯವಿದೆ. ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ಆ ನ್ಯಾಯ ಇಲ್ಲ.

ಹಾಗಾದರೆ ಈ ಪೌಚ್ ಎಲ್ಲಿ ಸಲ್ಲುತ್ತದೆ? ತುಂಬಿದಾಗ ನಿಲ್ಲುವ, ಖಾಲಿಯಾಗುತ್ತಾ ಕುಸಿಯುವ ವಸ್ತುವಿಗೆ ತಕ್ಕ ಕೆಲಸ ಒಂದೇ ಸಲಕ್ಕೆ ಪೂರ್ತಿ ಸುರಿದುಬಿಡುವುದು. ಮನೆಯಲ್ಲಿರುವ ಹಳೆಯ ಬಾಟಲಿಗೆ ಮತ್ತೆ ತುಂಬುವ ರೀಫಿಲ್ ಅದಕ್ಕೆ ಹೇಳಿ ಮಾಡಿಸಿದ ಜಾಗ. ಜಪಾನಿನ ಮನೆಗಳಲ್ಲಿ 1990ರ ದಶಕದಿಂದಲೇ ಶಾಂಪೂ, ಸೋಪಿನ ದ್ರಾವಣಗಳು ರೀಫಿಲ್ ಪೌಚ್‌ಗಳಲ್ಲಿ ಬರುವುದು ವಾಡಿಕೆಯಾಗಿದೆ. ಅಲ್ಲಿನ ಪೌಚ್‌ನ ಮೂಲೆಯನ್ನು ಹರಿದರೆ ಬಾಟಲಿಯ ಬಾಯಿಗೆ ಸರಿಯಾಗಿ ಕೂರುವ ಮೂತಿ ಸಿಗುತ್ತದೆ, ಬೇರೆ ಗಟ್ಟಿ ಮುಚ್ಚಳ ಬೇಕಿಲ್ಲ. ಪೌಚ್‌ನ ಸ್ವಭಾವವನ್ನು ಅರಿತು ಬಳಸಿದ ವಿನ್ಯಾಸ ಅದು.

ನನ್ನ ತೀರ್ಮಾನ ಇಷ್ಟು. ದೊಡ್ಡ ಅಳತೆಯ, ಒಂದೇ ವಸ್ತುವಿನ ರೀಫಿಲ್ ಪೌಚ್ ಒಳ್ಳೆಯ ವಿನ್ಯಾಸ, ಅದು ಬೆಳೆಯಬೇಕು. ದಿನದಿನ ಬಳಸುವ ದ್ರವವನ್ನು ನೇರ ಪೌಚ್‌ನಿಂದಲೇ ಸುರಿಯಿರಿ ಎನ್ನುವ ವಿನ್ಯಾಸ ಅರ್ಧ ಮುಗಿದ ಕೆಲಸ. ಅಲ್ಯೂಮಿನಿಯಂ ಪದರದ ಪುಟ್ಟ ಪಾನೀಯದ ಪೌಚ್ ಎಷ್ಟೇ ಚೆಂದವಿದ್ದರೂ ನಮ್ಮ ಊರುಗಳಿಗೆ ಹೊರೆ. ಪ್ಯಾಕೇಜಿಂಗ್ ಮಾಡಿಸುವ ಕಂಪನಿಗಳು ವಿನ್ಯಾಸಕಾರರಿಗೆ ಶೆಲ್ಫಿನ ಮೇಲೆ ನಿಂತ ಪೌಚ್‌ನ ಚಿತ್ರ ಕೇಳುವುದರ ಜೊತೆಗೆ, ಖಾಲಿಯಾದ ಪೌಚನ್ನು ಗುಜರಿಯವರು ಕೊಳ್ಳುತ್ತಾರೋ ಇಲ್ಲವೋ ಎಂಬುದಕ್ಕೂ ಉತ್ತರ ಕೇಳಲಿ. ಅಂಗಡಿಗೆ ಹೋಗುವ ನಾವು ಪೌಚ್‌ನ ಹಿಂಬದಿ ತಿರುಗಿಸಿ ಅದು ಯಾವ ವಸ್ತುವಿನದೆಂದು ಓದಿ ಆರಿಸಿಕೊಳ್ಳೋಣ.