ಫ್ಯಾನ್ ಎಣಿಸಿದರೆ ಸಾಲದು, ಸಂದು ಹುಡುಕಬೇಕು

ಬಾಗಲಕೋಟೆ ಸೀಮೆಯ ಬೇಸಿಗೆಗೆ ಇಸಿ (ಪರಿಸರ ನಿಯಂತ್ರಿತ) ಕೋಳಿ ಶೆಡ್ ತಕ್ಕ ವ್ಯವಸ್ಥೆ. ಒಂದು ತುದಿಯಲ್ಲಿ ನೀರು ಹರಿಯುವ ಕೂಲಿಂಗ್ ಪ್ಯಾಡ್, ಇನ್ನೊಂದು ತುದಿಯಲ್ಲಿ ಗಾಳಿ ಎಳೆಯುವ ಎಕ್ಸಾಸ್ಟ್ ಫ್ಯಾನ್. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಸೆಕೆ ಏರಿದರೆ ಬಾಯಿ ತೆರೆದು ತೇಕುತ್ತದೆ, ಮೇವು ಬಿಡುತ್ತದೆ. ಹುನಗುಂದ, ಇಳಕಲ್ಲದ ಒಣಗಾಳಿಯಲ್ಲಿ ಪ್ಯಾಡ್ ಕೊಡುವ ತಂಪು ಕರಾವಳಿಯ ತೇವದ ಗಾಳಿಯಲ್ಲಿ ಸಿಗದು.

ವ್ಯವಸ್ಥೆ ಒಳ್ಳೆಯದೇ. ಅದನ್ನು ಪರೀಕ್ಷಿಸುವ ನಮ್ಮ ರೂಢಿ ಮಾತ್ರ ದುರ್ಬಲ. ಫ್ಯಾನಿನ ಮುಂದೆ ನಿಂತು ಮೈಗೆ ಗಾಳಿ ಬಡಿದರೆ ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ. ಆದರೆ ಫ್ಯಾನಿನ ಹತ್ತಿರದ ಬಾಗಿಲಲ್ಲಿ ಸಂದಿದ್ದರೆ ಗಾಳಿ ಅಲ್ಲಿಂದಲೇ ನುಗ್ಗಿ ಅಲ್ಲಿಂದಲೇ ಹೊರಹೋಗುತ್ತದೆ. ಶೆಡ್ಡಿನ ನಡುವಿನ ಕೋಳಿಗಳಿಗೆ ಆ ಗಾಳಿ ದಕ್ಕುವುದಿಲ್ಲ. ಲೆಕ್ಕ ಹಾಕಿ ನೋಡಿ: ಹೊರಗೆ 40 ಡಿಗ್ರಿ, ಪ್ಯಾಡ್ ದಾಟಿದ ಗಾಳಿ 28 ಡಿಗ್ರಿ ಎಂದಿಟ್ಟುಕೊಳ್ಳಿ. ಒಳಬರುವ ಗಾಳಿಯಲ್ಲಿ ಕಾಲುಭಾಗ ಸಂದುಗಳಿಂದ ಬಂದರೆ ಬೆರೆತ ಗಾಳಿ 31 ಡಿಗ್ರಿ ಆಗುತ್ತದೆ. ಕರೆಂಟು, ನೀರು ಖರ್ಚಾದರೂ ಮೂರು ಡಿಗ್ರಿ ತಂಪು ಕೈತಪ್ಪಿತು.

ಪರೀಕ್ಷೆ ಕಷ್ಟದ್ದಲ್ಲ. ನಡುಮಧ್ಯಾಹ್ನ ಎಲ್ಲ ಮುಚ್ಚಿ, ದೀಪ ಆರಿಸಿ ಒಳಗೆ ನಿಂತರೆ ಬೆಳಕು ತೂರುವ ಕಡೆಯೆಲ್ಲ ಸಂದು ಕಾಣುತ್ತದೆ. ಇದಕ್ಕೆ ಖರ್ಚಿಲ್ಲ, ಆದರೆ ಪರದೆಯ ಮಡಿಕೆಯಲ್ಲಿ ಅಡಗಿದ ಸಂದು ತಪ್ಪಿಸಿಕೊಳ್ಳುತ್ತದೆ. ಅಲ್ಲಿ ಫ್ಯಾನ್ ಓಡಿಸಿ ಊದಿನಕಡ್ಡಿಯ ಹೊಗೆ ಹಿಡಿಯಬೇಕು. ಸೋರಿಕೆ ಎಷ್ಟೆಂದು ತಿಳಿಸುವುದು ಒತ್ತಡದ ಮಾಪಕ ಮಾತ್ರ. ಶೆಡ್ ಪೂರ್ತಿ ಮುಚ್ಚಿ, ನೆಲದ ಚದರಡಿಗೆ ನಿಮಿಷಕ್ಕೆ 1 ಘನ ಅಡಿ ಗಾಳಿ ಎಳೆಯುವಷ್ಟೇ ಫ್ಯಾನ್ ಹಾಕಿದಾಗ ಮಾಪಕದ ಮುಳ್ಳು 0.10 ಇಂಚನ್ನೂ (ನೀರಿನ ಒತ್ತಡದ ಅಳತೆಯಲ್ಲಿ) ಮುಟ್ಟದಿದ್ದರೆ ಶೆಡ್ ಸೋರುತ್ತಿದೆ ಎಂದೇ ಅರ್ಥ. ಇದರ ಜೊತೆಗೆ ಸಡಿಲಾದ ಬೆಲ್ಟ್, ದೂಳು ಹಿಡಿದ ಶಟರ್, ಉಪ್ಪು ಕಟ್ಟಿದ ಪ್ಯಾಡ್ ನೋಡದಿದ್ದರೆ ಪರೀಕ್ಷೆ ಅರ್ಧವೇ.

ತೆರೆದ ಶೆಡ್ಡಿಗೆ ಈ ಅಳತೆ ಹೊಂದದು. ಅಲ್ಲಿ ಪರದೆಯನ್ನು ಕೆಳಗಡೆ ಬಿಗಿದು ಮೇಲಿನಿಂದ ತೆರೆಯಬೇಕು. ಚಳಿಗಾಲದಲ್ಲಿ ಮರಿಗಳ ಕಾವಿಗೆಂದು ಪೂರ್ತಿ ಮುಚ್ಚಿದರೆ ಅಮೋನಿಯಾ ಕಣ್ಣು, ಶ್ವಾಸಕೋಶ ಸುಡುತ್ತದೆ.

ಬಿಗಿಯಾದ ಶೆಡ್ಡಿಗೂ ಒಂದು ಅಪಾಯವಿದೆ: ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲೇ ಸೆಕೆ ಏರಿ ಕೋಳಿಗಳು ಸಾಯಬಹುದು. ಜನರೇಟರ್ ಮತ್ತು ಅಲಾರಂ ಇಲ್ಲದೆ ಸಂದು ಮುಚ್ಚುವುದು ಜಾಣತನವಲ್ಲ.

ಬ್ಯಾಚ್ ಹೋಗಿ ಶೆಡ್ ಖಾಲಿಯಿರುವಾಗಲೇ ಈ ತಪಾಸಣೆ ಆಗಬೇಕು. ಇನ್ನೊಂದು ಫ್ಯಾನ್ ಕೊಳ್ಳುವ ಮೊದಲು ಇರುವ ಸಂದುಗಳನ್ನು ಮುಚ್ಚಿ.